ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೆ ಆನುವಂಶಿಕ ಆಪ್ತಸಮಾಲೋಚನೆಯ ತರಬೇತಿ: ಎರಡು ದಿನಗಳಲ್ಲಿ ಏನನ್ನು ಕಲಿಸಬೇಕು?

ಪ್ರಶ್ನೆ: ವೈದ್ಯಾಧಿಕಾರಿ, ಗದಗ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಗದಗ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂಬತ್ತು ವರ್ಷಗಳಿಂದ ವೈದ್ಯಾಧಿಕಾರಿಯಾಗಿದ್ದೇನೆ. ನಮ್ಮ ತಾಲ್ಲೂಕಿನ ವೈದ್ಯಾಧಿಕಾರಿಗಳು, ಸಮುದಾಯ ಆರೋಗ್ಯ ಅಧಿಕಾರಿಗಳು ಮತ್ತು ಪ್ರಾಥಮಿಕ ಆರೋಗ್ಯ ಸುರಕ್ಷಾ ಅಧಿಕಾರಿಗಳಿಗೆ ಆನುವಂಶಿಕ ಆಪ್ತಸಮಾಲೋಚನೆಯಲ್ಲಿ, ಅಂದರೆ ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಕುಟುಂಬಗಳಿಗೆ ತಿಳಿಹೇಳುವುದರಲ್ಲಿ, ಎರಡು ದಿನಗಳ ತರಬೇತಿ ನಡೆಸಬೇಕೆಂದು ತೀರ್ಮಾನವಾಗಿದ್ದು, ಅದರ ಪಾಠಗಳನ್ನು ರೂಪಿಸುವ ಹೊಣೆ ನನ್ನ ಮೇಲೆ ಬಂದಿದೆ.

ಈ ಹೊಣೆಯನ್ನು ನಾನು ಮನಃಪೂರ್ವಕವಾಗಿ ಒಪ್ಪಿಕೊಂಡದ್ದಕ್ಕೆ ಕಾರಣವಿದೆ. ಎರಡು ವರ್ಷಗಳ ಹಿಂದೆ ನಮ್ಮಲ್ಲಿ ತಪಾಸಣೆಗೆ ಬರುತ್ತಿದ್ದ ಗರ್ಭಿಣಿಯೊಬ್ಬರ ದಾಖಲೆಯಲ್ಲಿ ರಕ್ತಸಂಬಂಧದ ಮದುವೆ ಎಂಬ ಸಾಲಿನ ಎದುರು 'ಇಲ್ಲ' ಎಂದು ಬರೆದಿತ್ತು. ಏಳು ತಿಂಗಳು ತುಂಬಿದ ಮೇಲೆ ಒಂದು ದಿನ ಜೊತೆಗೆ ಬಂದಿದ್ದ ಅತ್ತೆಯನ್ನು ಆಕೆ 'ಆಯಿ' ಎಂದು ಕರೆದದ್ದು ನನ್ನ ಕಿವಿಗೆ ಬಿತ್ತು. ಅತ್ತೆಯನ್ನು ಆಯಿ ಎನ್ನುವುದು ಹೇಗೆ ಎಂದು ಕೇಳಿದಾಗ, 'ನನ್ನ ನಮ್ಮವ್ವನ ತಮ್ಮಗ ಕೊಟ್ಟಾರ್ರಿ, ಇವರು ನಮ್ಮವ್ವನ ತಾಯಿ' ಎಂದರು. ಹಾಗಾದರೆ ಸಂಬಂಧವಿಲ್ಲ ಎಂದು ಬರೆಸಿದ್ದೇಕೆ ಎಂದರೆ, 'ಹೊರಗ ಸಂಬಂಧ ಬೆಳಿಸಿಲ್ರಿ, ಮನ್ಯಾಗ ಕೊಟ್ಟಾರ' ಎಂಬ ಉತ್ತರ ಬಂತು. ಅವರು ಸುಳ್ಳು ಹೇಳಿರಲಿಲ್ಲ; ನಾವು ಕೇಳಿದ ಶಬ್ದಕ್ಕೆ ಅವರ ಮನೆಯಲ್ಲಿ ಬೇರೆ ಅರ್ಥವಿತ್ತು. ಮೊದಲ ಕೂಸು ಹನ್ನೊಂದು ತಿಂಗಳಿಗೆ ತೀರಿಕೊಂಡದ್ದು ದಾಖಲೆಯಲ್ಲಿತ್ತಾದರೂ ಕಾರಣವೆಂದು 'ಜ್ವರ' ಎಂದಷ್ಟೇ ಬರೆದಿತ್ತು. ಆ ಕೂಸು ಬಿಳಿಚಿಕೊಂಡು, ಹೊಟ್ಟೆ ದೊಡ್ಡದಾಗಿ, ಎರಡು ಸಲ ರಕ್ತ ಹಾಕಿಸಿಕೊಂಡ ಮೇಲೆ ಹೋಯಿತೆಂಬುದನ್ನು ನಾವು ಯಾರೂ ವಿಚಾರಿಸಿರಲಿಲ್ಲ. ಎರಡನೆಯ ಮಗುವಿಗೂ ಥಲಸ್ಸೇಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ರಕ್ತದ ಕಾಯಿಲೆ) ಇದೆ; ಈಗ ಅದಕ್ಕೆ ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತಿದ್ದಾರೆ. ಆ ತಪ್ಪು ನನ್ನ ಕೇಂದ್ರದಲ್ಲಿ, ನನ್ನ ಕಣ್ಣೆದುರಿಗೆ ಆದದ್ದು.

ನಾನು ಹಾಕಿಕೊಂಡಿರುವ ಕರಡು ಹೀಗಿದೆ: ಮೊದಲ ದಿನ ಡಿಎನ್‌ಎ, ವರ್ಣತಂತು, ಮೆಂಡಲ್‌ನ ನಿಯಮಗಳು, ಎರಡನೆಯ ದಿನ ಮುಖ್ಯ ಕಾಯಿಲೆಗಳು ಮತ್ತು ಪರೀಕ್ಷೆಗಳು. ಬರೆದು ಮುಗಿಸಿದ ಮೇಲೆ, ಇದನ್ನು ಕಲಿತಿದ್ದರೂ ನಮ್ಮ ಸಿಬ್ಬಂದಿ ಆ 'ಇಲ್ಲ'ವನ್ನೇ ಬರೆಯುತ್ತಿದ್ದರಲ್ಲವೇ ಎಂಬ ಸಂಶಯ ಬಂದಿದೆ. ಪ್ರಾಥಮಿಕ ಹಂತದಲ್ಲಿ ಯಾವುದನ್ನು ಕಲಿಸಬೇಕು, ನಮ್ಮ ಕೆಲಸ ಎಲ್ಲಿಗೆ ನಿಲ್ಲಬೇಕು, ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಮಕ್ಕಳ ವೈದ್ಯೆ, ಹುಬ್ಬಳ್ಳಿ

ಡಾಕ್ಟರೇ, ನಿಮ್ಮ ಸಂಶಯವೇ ಸರಿ. ಮೊದಲ ದಿನದ ಪಾಠವನ್ನು ಒಂದು ಗಂಟೆಗೆ ಇಳಿಸಿ. ಉಳಿದ ಸಮಯವನ್ನೆಲ್ಲ ಮೂರು ತಲೆಮಾರಿನ ವಂಶಾವಳಿ ಬರೆಯುವುದಕ್ಕೆ ಕೊಡಿ. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ, ನಮ್ಮ ಬಳಿಗೆ ಬರುವ ಶಿಫಾರಸು ಚೀಟಿಗಳಲ್ಲಿ ಕಾಯಿಲೆಯ ಹೆಸರು, ರಕ್ತಪರೀಕ್ಷೆಯ ಅಂಕಿಗಳು ಎಲ್ಲ ಇರುತ್ತವೆ, ಕುಟುಂಬದ ಚಿತ್ರ ಮಾತ್ರ ಇರುವುದಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರ ಪೈಕಿ ಸುಮಾರು ಕಾಲು ಭಾಗದವರು ರಕ್ತಸಂಬಂಧದಲ್ಲಿ ಮದುವೆಯಾದವರು. ನಮ್ಮ ಭಾಗದಲ್ಲಿ ಸೋದರಮಾವನಿಗೆ ಕೊಡುವುದು, ಸೋದರತ್ತೆಯ ಮಗನಿಗೆ ಕೊಡುವುದು ಎರಡೂ ರೂಢಿಯಲ್ಲಿವೆ. ಆದರೆ 'ಮಾಮಾ' ಎಂಬ ಒಂದೇ ಮಾತು ತಾಯಿಯ ತಮ್ಮನಿಗೂ, ಗಂಡನ ತಂದೆಗೂ, ಎಷ್ಟೋ ಮನೆಗಳಲ್ಲಿ ಗಂಡನಿಗೂ ಸಲ್ಲುವುದರಿಂದ, ಆ ಮಾತನ್ನು ಕೇಳಿ ಸುಮ್ಮನಾದರೆ ಏನೂ ತಿಳಿಯುವುದಿಲ್ಲ. ನಾನು ಕೇಳುವ ಪ್ರಶ್ನೆ ಇದು: 'ಮದುವಿ ಆಗೂಕಿಂತ ಮೊದಲ ನಿಮ್ಮ ಯಜಮಾನರು ನಿಮಗ ಏನಾಗಬೇಕಿತ್ತು?' ಇದಕ್ಕೆ ತಪ್ಪು ಉತ್ತರ ಬಂದದ್ದು ಬಹಳ ಕಡಿಮೆ. ಅದರ ನಂತರ ಅತ್ತೆ ಮತ್ತು ಮಾವ ಮೊದಲು ಏನಾಗುತ್ತಿದ್ದರು, ಅವರಿಬ್ಬರ ಮದುವೆಯೂ ಬಳಗದಲ್ಲೇ ಆದದ್ದೇ ಎಂದು ಕೇಳಬೇಕು, ಏಕೆಂದರೆ ಎರಡು ತಲೆಮಾರುಗಳ ಸೋದರಿಕೆ ಕೂಡಿಕೊಂಡಾಗ ಲೆಕ್ಕ ಬೇರೆಯಾಗುತ್ತದೆ. ಮಕ್ಕಳೆಷ್ಟು ಎಂದರೆ ಬದುಕಿರುವವರನ್ನು ಮಾತ್ರ ಎಣಿಸುತ್ತಾರೆ; ಆದ್ದರಿಂದ 'ಎಷ್ಟ ಸಲ ಹೊಟ್ಟೀಲೆ ಇದ್ರಿ' ಎಂದು ಕೇಳಿ, ಒಂದೊಂದು ಬಸಿರು ಏನಾಯಿತೆಂದು ಸಾವಧಾನದಿಂದ ಬರೆದುಕೊಳ್ಳಬೇಕು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ರಕ್ತಸಂಬಂಧದ ಮದುವೆಗೆ ಜೋಡಿ ಗೆರೆ, ಕಾಯಿಲೆಯಿದ್ದವರಿಗೆ ತುಂಬಿದ ಗುರುತು, ತೀರಿಕೊಂಡವರಿಗೆ ಅಡ್ಡಗೆರೆ: ಇಷ್ಟು ಚಿಹ್ನೆಗಳು ಅರ್ಧ ಗಂಟೆಯಲ್ಲಿ ಕೈಗೆ ಹತ್ತುತ್ತವೆ. ಕೇಳುವ ಕಲೆ ಹತ್ತಬೇಕಾದರೆ ಇಡೀ ದಿನ ಬೇಕು, ಅದನ್ನು ಪರಸ್ಪರ ಅಭಿನಯದ ಮೂಲಕವೇ ಕಲಿಸಬೇಕು.

ಎರಡನೆಯದಾಗಿ, ಸಾಧ್ಯತೆಯನ್ನು ಹೇಳುವ ಬಗೆ. ತಂದೆ ತಾಯಿ ಇಬ್ಬರೂ ಥಲಸ್ಸೇಮಿಯಾ ವಾಹಕರಾಗಿದ್ದರೆ (ತಮಗೆ ಕಾಯಿಲೆಯಿಲ್ಲದೆ ಅದರ ಜೀನನ್ನು ಹೊತ್ತವರಾಗಿದ್ದರೆ) ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇದನ್ನು ಕೇಳಿದ ಎಷ್ಟೋ ಮಂದಿ, ಒಂದು ಮಗುವಿಗೆ ಬಂದಾಯಿತು, ಇನ್ನು ಮೂರು ಮಕ್ಕಳಿಗೆ ಭಯವಿಲ್ಲ ಎಂದು ತಿಳಿಯುತ್ತಾರೆ. ನಾನು ಎರಡು ಬಟ್ಟಲು ಇಟ್ಟು, ಪ್ರತಿಯೊಂದರಲ್ಲೂ ಒಂದು ಜೋಳದ ಕಾಳು, ಒಂದು ಹೆಸರುಕಾಳು ಹಾಕುತ್ತೇನೆ. ಗಂಡ ಹೆಂಡತಿ ಕಣ್ಣು ಮುಚ್ಚಿ ಒಂದೊಂದು ಕಾಳು ತೆಗೆಯಬೇಕು. ಎರಡೂ ಹೆಸರುಕಾಳಾದರೆ ಮಗುವಿಗೆ ಕಾಯಿಲೆ. ತೆಗೆದ ಕಾಳನ್ನು ಅದೇ ಬಟ್ಟಲಿಗೆ ಮರಳಿ ಹಾಕಿಸುವುದನ್ನು ಮರೆಯಬಾರದು, ಮುಂದಿನ ಬಸಿರಿಗೂ ಬಟ್ಟಲು ಅದೇ ಇರುತ್ತದೆ ಎಂಬುದು ಮನಸ್ಸಿಗೆ ನಾಟುವುದು ಆಗಲೇ. ತಂದೆಯ ಕೈಯಿಂದಲೂ ಒಂದು ಕಾಳು ಬಂದಿರುವುದನ್ನು ಅತ್ತೆಯಾದವರು ನೋಡಿದರೆ, ಸೊಸೆಯೊಬ್ಬಳ ಮೇಲೆ ತಪ್ಪು ಹೊರಿಸುವ ಮಾತು ತಗ್ಗುವುದನ್ನು ಕಂಡಿದ್ದೇನೆ.

ಮೂರನೆಯದು, ಯಾರನ್ನು ಗುರುತಿಸಬೇಕು ಎಂಬುದು. ಕಬ್ಬಿಣಾಂಶದ ಮಾತ್ರೆಗಳನ್ನು ಸರಿಯಾಗಿ ನುಂಗಿಯೂ ಹಿಮೋಗ್ಲೋಬಿನ್ ಏರದ ಗರ್ಭಿಣಿ, ಎರಡು ಅಥವಾ ಹೆಚ್ಚು ಗರ್ಭಪಾತಗಳಾದವರು, ಕಾರಣ ತಿಳಿಯದೆ ಶಿಶುಮರಣ ಕಂಡ ಮನೆ, ಒಂದೇ ಬಳಗದಲ್ಲಿ ಇಬ್ಬರು ಕಿವುಡ ಮಕ್ಕಳು, ಬೆಳವಣಿಗೆ ಹಿಂದುಳಿದ ಮಗು, ಹಲ್ಲು ಬಿದ್ದರೂ ರಕ್ತ ನಿಲ್ಲದ ಹುಡುಗ. ಡೌನ್ ಸಿಂಡ್ರೋಮ್ ಇರುವ ಮಗುವಿನ ವರ್ಣತಂತು ಪರೀಕ್ಷೆಯನ್ನು ಮಾಡಿಸದೆ ಬಿಡಬಾರದು. ಹೆಚ್ಚಿನವರಲ್ಲಿ ಮುಂದಿನ ಬಸಿರಿನಲ್ಲಿ ಮರುಕಳಿಸುವ ಸಾಧ್ಯತೆ ನೂರಕ್ಕೆ ಒಂದರಷ್ಟಿರುತ್ತದೆ. ಕೆಲವರಲ್ಲಿ ಮಾತ್ರ ವರ್ಣತಂತುವಿನ ತುಣುಕು ಸ್ಥಳಾಂತರಗೊಂಡ ಬಗೆಯಿರುತ್ತದೆ, ಆಗ ತಂದೆ ತಾಯಿಯನ್ನೂ ಪರೀಕ್ಷಿಸಬೇಕಾಗುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸಿ ಚಿಕಿತ್ಸೆಗೆ ಕಳುಹಿಸುತ್ತಿವೆ. ಆದರೆ ಮಗು ಚಿಕಿತ್ಸೆಯ ದಾರಿ ಹಿಡಿದ ಮೇಲೆ ತಾಯಿಯನ್ನು ಕರೆದು ಮುಂದಿನ ಬಸಿರಿನ ಮಾತಾಡುವವರು ಯಾರೂ ಇಲ್ಲ. ಆ ತಾಯಿಯನ್ನು ಹುಡುಕುವ ಕೆಲಸ ನಿಮ್ಮ ಕೇಂದ್ರದ್ದು. ಬೆನ್ನುಹುರಿಯ ಕೊಳವೆ ಮುಚ್ಚದ ಮಗು ಹುಟ್ಟಿದ ಮನೆಯಲ್ಲಿ ಮುಂದಿನ ಬಸಿರಿಗೆ ಮೊದಲೇ ಹೆಚ್ಚಿನ ಪ್ರಮಾಣದ ಫೋಲಿಕ್ ಆಮ್ಲ ಆರಂಭಿಸಬೇಕು. ಆ ಕೊಳವೆ ಗರ್ಭಧಾರಣೆಯ 28 ದಿನಗಳೊಳಗೆ ಮುಚ್ಚುವುದರಿಂದ, ಮುಟ್ಟು ನಿಂತ ಮೇಲೆ ಬಂದವರಿಗೆ ಮಾತ್ರೆ ಕೊಡುವಷ್ಟರಲ್ಲಿ ಕಾಲ ಮೀರಿರುತ್ತದೆ.

ಎರಡು ದಿನಗಳನ್ನು ಒಟ್ಟಿಗೆ ಇಡಬೇಡಿ. ಒಂದು ದಿನ ಕಲಿಸಿ, ಆರು ವಾರ ಬಿಟ್ಟು, ಪ್ರತಿಯೊಬ್ಬರೂ ತಾವು ಬರೆದ ಐದು ವಂಶಾವಳಿಗಳೊಂದಿಗೆ ಬರಲಿ. ಎರಡನೆಯ ದಿನದ ಪಾಠ ಆ ಹಾಳೆಗಳೇ.

ಉತ್ತರ 2: ಸಮುದಾಯ ಆರೋಗ್ಯ ಅಧಿಕಾರಿ, ಶಿಗ್ಗಾವಿ ತಾಲ್ಲೂಕು

ಮೇಡಂ ಅವರ ಮಾತುಗಳು ನನಗೆ ಬಹಳ ಉಪಯುಕ್ತವಾದವು. ಆದರೆ ಕೆಳಹಂತದಲ್ಲಿ ಕೆಲಸ ಮಾಡುವವಳಾಗಿ ಎರಡು ಸಂಗತಿಗಳನ್ನು ಹೇಳಲೇಬೇಕು.

ವಂಶಾವಳಿ ಬರೆಯಲು ಇಪ್ಪತ್ತು ನಿಮಿಷ ಬೇಕು, ಅದಕ್ಕಿಂತ ಮುಖ್ಯವಾಗಿ ಒಂದು ಮರೆ ಬೇಕು. ನಮ್ಮ ಉಪಕೇಂದ್ರದಲ್ಲಿರುವುದು ಒಂದೇ ಕೋಣೆ. ಮನೆಗೆ ಹೋಗಿ ಕೇಳಿದರೆ ಅತ್ತೆ, ನಾದಿನಿ, ಪಕ್ಕದ ಮನೆಯವರು ಎಲ್ಲರೂ ಪಡಸಾಲೆಯಲ್ಲಿ ಕುಳಿತಿರುತ್ತಾರೆ. ಮೊದಲ ಕೂಸಿನ ಸಾವನ್ನೋ, ತವರಿನ ತಮ್ಮನಿಗಿರುವ ಮೂರ್ಛೆಯನ್ನೋ ಯಾವ ಹೆಣ್ಣುಮಗಳೂ ಅಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಆಶಾ ಕಾರ್ಯಕರ್ತೆ ಅದೇ ಊರಿನವಳು, ಎಷ್ಟೋ ಸಲ ಅದೇ ಬಳಗದವಳು. ಅವಳ ಮೇಲೆ ನನಗೆ ಪೂರ್ಣ ವಿಶ್ವಾಸವಿದೆ. ಆದರೆ ವಾಹಕ ಎಂಬ ಮಾತು ಒಮ್ಮೆ ಹೊರಗೆ ಬಿದ್ದರೆ ಆ ಮನೆಯ ಹೆಣ್ಣುಮಕ್ಕಳನ್ನು ನೋಡಲು ಬರುವ ಬೀಗರು ದಾರಿಯಲ್ಲೇ ತಿರುಗಿ ಹೋಗುತ್ತಾರೆಂಬ ಭಯ ಆ ಮನೆಯವರಿಗಿರುತ್ತದೆ, ಆ ಭಯ ಸುಳ್ಳೂ ಅಲ್ಲ. ಗುಟ್ಟು ಕಾಯುವುದನ್ನು ಒಂದು ಸಾಲಿನ ಸೂಚನೆಯಾಗಿ ಹೇಳಿ ಮುಗಿಸದೆ, ವಂಶಾವಳಿಯ ಹಾಳೆ ಯಾವ ಕಪಾಟಿನಲ್ಲಿರುತ್ತದೆ, ಕೀಲಿ ಯಾರ ಕೈಯಲ್ಲಿರುತ್ತದೆ, ತಾಯಿ ಕಾರ್ಡಿನ ಮೇಲೆ ಏನನ್ನು ಬರೆಯಬಾರದು ಎಂಬಷ್ಟು ವಿವರವಾಗಿ ಕಲಿಸಬೇಕೆಂದು ನನ್ನ ವಿನಂತಿ.

ಇನ್ನೊಂದು ಪ್ರಶ್ನೆ. ಬಳಗದಲ್ಲಿ ಮದುವೆ ಬೇಡವೆಂದು ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದಲ್ಲವೇ? ನಾವು ಮೆತ್ತಗೆ ಮಾತಾಡಿದಷ್ಟೂ ಜನ ಅದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ.

ಉತ್ತರ 3: ಇಬ್ಬರು ಮಕ್ಕಳ ತಾಯಿ, ಧಾರವಾಡ

ನಾನು ವೈದ್ಯಕೀಯ ಕ್ಷೇತ್ರದವಳಲ್ಲ. ಮೇಲಿನ ಪ್ರಶ್ನೆಗೆ ನನ್ನ ಮನೆಯಲ್ಲಿ ನಡೆದದ್ದನ್ನು ಹೇಳುವುದೇ ಉತ್ತರವಾದೀತೆಂದು ಬರೆಯುತ್ತಿದ್ದೇನೆ.

ನನ್ನನ್ನು ಸೋದರತ್ತೆಯ ಮಗನಿಗೆ ಕೊಟ್ಟಿದ್ದಾರೆ. ದೊಡ್ಡ ಮಗ ಐದನೆಯ ವಯಸ್ಸಿನಲ್ಲಿ ಓಡಲಾರದವನಾದ. ನೆಲದಿಂದ ಏಳುವಾಗ ತೊಡೆಯ ಮೇಲೆ ಕೈಯೂರಿ ಏಳುತ್ತಿದ್ದ. ಮೀನಖಂಡ ಮಾತ್ರ ದಪ್ಪವಾಗಿದ್ದುದರಿಂದ ಕಾಲು ಗಟ್ಟಿ ಇದೆ ಎಂದೇ ಎಲ್ಲರೂ ಹೇಳುತ್ತಿದ್ದರು. ನಾವು ತೋರಿಸಿದ ಮೊದಲ ವೈದ್ಯರು ಹುಡುಗನನ್ನು ಪೂರ್ತಿ ಪರೀಕ್ಷಿಸುವ ಮೊದಲೇ, 'ಸಂಬಂಧದಲ್ಲಿ ಮದುವೆಯಾಗಿದ್ದೀರಿ, ಅದಕ್ಕೇ ಹೀಗಾಗಿದೆ' ಎಂದುಬಿಟ್ಟರು. ಆ ಒಂದು ಮಾತು ನನ್ನ ತಂದೆಯನ್ನೂ ಅವರ ಒಡಹುಟ್ಟಿದ ಅಕ್ಕನನ್ನೂ, ಅಂದರೆ ನನ್ನ ಅತ್ತೆಯನ್ನು, ಎರಡು ವರ್ಷ ಒಬ್ಬರ ಮುಖ ಒಬ್ಬರು ನೋಡದಂತೆ ಮಾಡಿತು. ಅಷ್ಟರಲ್ಲಿ ಎರಡನೆಯ ಮಗನೂ ಹುಟ್ಟಿದ್ದ.

ಕೊನೆಗೆ ಬೆಂಗಳೂರಿನಲ್ಲಿ ಪರೀಕ್ಷೆಯಾದಾಗ ಇದು ಡುಶೆನ್ ಸ್ನಾಯುಕ್ಷಯ ಎಂದು ತಿಳಿಯಿತು. ಇದು ತಾಯಿಯ ಎಕ್ಸ್ ವರ್ಣತಂತುವಿನ ಮೂಲಕ ಗಂಡುಮಕ್ಕಳಿಗೆ ಬರುವ ಕಾಯಿಲೆ. ನಾನು ಯಾವ ಪರಊರಿನ ಪರಬಳಗದವರನ್ನು ಮದುವೆಯಾಗಿದ್ದರೂ ನನ್ನ ಪ್ರತಿಯೊಬ್ಬ ಗಂಡುಮಗುವಿಗೂ ಬರುವ ಸಾಧ್ಯತೆ ಎರಡರಲ್ಲಿ ಒಂದು ಇದ್ದೇ ಇರುತ್ತಿತ್ತು. ನಮ್ಮ ಮದುವೆಗೂ ಈ ಕಾಯಿಲೆಗೂ ಸಂಬಂಧವೇ ಇರಲಿಲ್ಲ. ಇದನ್ನು ಅಲ್ಲಿ ಒಬ್ಬ ಆಪ್ತಸಮಾಲೋಚಕಿ ನಮ್ಮ ಎದುರು ಕುಳಿತು, ಚಿತ್ರ ಬರೆದು, ನಾವು ಅದನ್ನು ಅವರಿಗೇ ಮರಳಿ ಹೇಳುವವರೆಗೆ ಬಿಡಿಸಿ ಹೇಳಿದರು. ನನ್ನ ತಂಗಿಗೆ ಆಗ ವರ ನೋಡುತ್ತಿದ್ದರು. ಅವಳೂ ಪರೀಕ್ಷೆ ಮಾಡಿಸಿಕೊಳ್ಳಬಹುದೆಂದು ಅವರೇ ತಿಳಿಸಿದರು. ಅವಳು ವಾಹಕಳಲ್ಲ ಎಂದು ಬಂದ ದಿನ ನನ್ನ ತಾಯಿ ಎಷ್ಟೋ ದಿನಗಳ ನಂತರ ಹೊಟ್ಟೆತುಂಬ ಉಂಡರು.

ಮೊದಲ ಮಗ ನಾಲ್ಕನೆಯ ವಯಸ್ಸಿನಲ್ಲಿ ಮೆಟ್ಟಿಲು ಹತ್ತಲು ಕಷ್ಟಪಡುತ್ತಿದ್ದುದನ್ನು ನಮ್ಮ ಬಡಾವಣೆಯ ಆರೋಗ್ಯ ಕೇಂದ್ರದ ನರ್ಸ್ ಅಕ್ಕನವರು ನೋಡಿದ್ದರು. ಅವರಿಗೆ ಇದರ ಅರಿವು ಯಾರಾದರೂ ಮಾಡಿಕೊಟ್ಟಿದ್ದರೆ, ಎರಡನೆಯ ಬಸಿರಿಗೆ ಮೊದಲು ನಮಗೆ ಆಲೋಚಿಸುವ ಅವಕಾಶ ಸಿಗುತ್ತಿತ್ತು. ನನ್ನ ಎರಡನೆಯ ಮಗ ಬೇಡವಾಗಿತ್ತು ಎಂದು ಇದರ ಅರ್ಥವಲ್ಲ. ಆ ಅವಕಾಶ ನಮ್ಮದಾಗಿತ್ತು, ಅದು ನಮಗೆ ಸಿಗಲಿಲ್ಲ.

ಉತ್ತರ 4: ಪ್ರಸೂತಿ ತಜ್ಞ, ಧಾರವಾಡ

ನಾನು ಕಾಲ ಮತ್ತು ಕಾನೂನಿನ ಬಗ್ಗೆ ಮಾತ್ರ ಸೇರಿಸುತ್ತೇನೆ.

ಗರ್ಭಸ್ಥ ಶಿಶುವಿಗೆ ಕಾಯಿಲೆಯಿದೆಯೇ ಎಂದು ತಿಳಿಯಲು ಗರ್ಭದ ಪೊರೆಯ ಅಂಕುರದ ತುಣುಕನ್ನು ತೆಗೆದು ಪರೀಕ್ಷಿಸುವುದು ಸಾಮಾನ್ಯವಾಗಿ 11ರಿಂದ 13 ವಾರಗಳಲ್ಲಿ. ಗರ್ಭದ ನೀರಿನ ಪರೀಕ್ಷೆ 16 ವಾರಗಳ ಸುಮಾರಿಗೆ. ಥಲಸ್ಸೇಮಿಯಾದ ವಿಷಯದಲ್ಲಿ ಅದಕ್ಕೆ ಮೊದಲು ಹೆಂಡತಿಯ ರಕ್ತಪರೀಕ್ಷೆ, ಅದರಲ್ಲಿ ಕೆಂಪು ರಕ್ತಕಣಗಳು ಸಣ್ಣವಾಗಿದ್ದರೆ ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ, ಅದರಲ್ಲಿ ಹಿಮೋಗ್ಲೋಬಿನ್ ಎ2 ಎಂಬ ಬಗೆ ಶೇ. 3.5ಕ್ಕಿಂತ ಹೆಚ್ಚಿದ್ದರೆ ಗಂಡನ ಪರೀಕ್ಷೆ, ಇಬ್ಬರೂ ವಾಹಕರಾದರೆ ಇಬ್ಬರ ಜೀನ್ ಬದಲಾವಣೆಯನ್ನು ಪತ್ತೆಹಚ್ಚುವುದು ಇವೆಲ್ಲ ಮುಗಿದಿರಬೇಕು. ಆದ್ದರಿಂದ ಎಂಟು ಹತ್ತು ವಾರಗಳೊಳಗೆ ಗುರುತಿಸದಿದ್ದರೆ ಉಳಿದ ದಾರಿಗಳು ಕಿರಿದಾಗುತ್ತಾ ಹೋಗುತ್ತವೆ. ಕಬ್ಬಿಣಾಂಶದ ಕೊರತೆ ತೀವ್ರವಾಗಿದ್ದಾಗ ಎ2 ಪ್ರಮಾಣ ಕಡಿಮೆ ತೋರಿಸಬಹುದು ಎಂಬುದನ್ನೂ ನಿಮ್ಮ ಸಿಬ್ಬಂದಿಗೆ ಹೇಳಿ. ರಕ್ತಹೀನತೆ ಇಷ್ಟು ವ್ಯಾಪಕವಾಗಿರುವ ನಮ್ಮ ಭಾಗದಲ್ಲಿ 'ಸಹಜ' ಎಂಬ ವರದಿಯನ್ನು ನಂಬಿ ಕೈಬಿಡುವುದು ಅಪಾಯಕರ.

1994ರ ಪ್ರಸವಪೂರ್ವ ಲಿಂಗಪತ್ತೆ ತಡೆ ಕಾಯ್ದೆಯು ಆನುವಂಶಿಕ ಸಮಾಲೋಚನೆ ನೀಡುವ ಸ್ಥಳಗಳನ್ನೂ ನೋಂದಣಿಯ ವ್ಯಾಪ್ತಿಗೆ ತಂದಿದೆ. ತರಬೇತಿಗೆ ಮೊದಲು, ಈ ಕಾಯ್ದೆಯನ್ನು ಜಾರಿಗೊಳಿಸುವ ಜಿಲ್ಲಾ ಸಕ್ಷಮ ಪ್ರಾಧಿಕಾರದೊಂದಿಗೆ ಮಾತಾಡಿ, ನಿಮ್ಮ ಕೇಂದ್ರಗಳು ಕುಟುಂಬದ ಇತಿಹಾಸ ಬರೆಯುವುದು, ತಿಳಿಹೇಳುವುದು, ಶಿಫಾರಸು ಮಾಡುವುದು ಇಷ್ಟಕ್ಕೆ ನಿಲ್ಲುತ್ತವೆ ಎಂಬುದನ್ನು ಲಿಖಿತವಾಗಿ ಸ್ಪಷ್ಟಪಡಿಸಿಕೊಳ್ಳಿ. ಗರ್ಭಸ್ಥ ಶಿಶುವಿನ ಪರೀಕ್ಷೆಗೆ ಮೊದಲು ಅದರ ಅಡ್ಡಪರಿಣಾಮಗಳನ್ನು ವಿವರಿಸಿ, ಆಕೆಗೆ ತಿಳಿಯುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆದು, ಅದರ ಪ್ರತಿಯನ್ನು ಆಕೆಗೆ ಕೊಡಬೇಕೆಂದು ಇದೇ ಕಾಯ್ದೆಯ 5ನೆಯ ಕಲಮು ಹೇಳುತ್ತದೆ. 2021ರ ತಿದ್ದುಪಡಿಯ ನಂತರ, ಗರ್ಭದಲ್ಲಿ ಗಂಭೀರ ನ್ಯೂನತೆಯಿದೆಯೆಂದು ವೈದ್ಯಕೀಯ ಮಂಡಳಿ ನಿರ್ಧರಿಸಿದರೆ ಗರ್ಭಪಾತಕ್ಕೆ 24 ವಾರಗಳ ಮಿತಿ ಅನ್ವಯಿಸುವುದಿಲ್ಲ. ಇದನ್ನು ಸಿಬ್ಬಂದಿ ತಿಳಿದಿರಬೇಕು, ಆದರೆ ಮಗುವನ್ನು ಉಳಿಸಿಕೊಳ್ಳಬೇಕೇ ಬೇಡವೇ ಎಂಬ ಮಾತು ಅವರ ಬಾಯಿಂದ ಬರಕೂಡದು. ಆ ನಿರ್ಧಾರ ದಂಪತಿಗಳದು.

ಮಕ್ಕಳ ವೈದ್ಯೆ, ಹುಬ್ಬಳ್ಳಿ

ಶಿಗ್ಗಾವಿಯ ಸಹೋದರಿಯ ಪ್ರಶ್ನೆಗೆ ಧಾರವಾಡದ ತಾಯಿ ನನಗಿಂತ ಚೆನ್ನಾಗಿ ಉತ್ತರಿಸಿದ್ದಾರೆ. ನಾನು ಅಂಕಿಗಳನ್ನು ಮಾತ್ರ ಜೋಡಿಸುತ್ತೇನೆ. ಯಾವುದೇ ದಂಪತಿಗಳಿಗೆ ಗಂಭೀರ ಜನ್ಮದೋಷವಿರುವ ಮಗು ಹುಟ್ಟುವ ಸಾಧ್ಯತೆ ನೂರಕ್ಕೆ ಎರಡರಿಂದ ಮೂರು. ಸೋದರತ್ತೆ, ಸೋದರಮಾವಂದಿರ ಮಕ್ಕಳ ನಡುವಿನ ಮದುವೆಯಲ್ಲಿ ಅದು ಸರಿಸುಮಾರು ದುಪ್ಪಟ್ಟಾಗುತ್ತದೆ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ರಕ್ತದ ಪಾಲು ಇನ್ನೂ ಹೆಚ್ಚು, ಆದ್ದರಿಂದ ಅಲ್ಲಿ ಅಪಾಯವೂ ಹೆಚ್ಚು. ಹೀಗಿದ್ದರೂ ಇಂಥ ಮನೆಗಳಲ್ಲಿ ಹುಟ್ಟುವ ಬಹುಪಾಲು ಮಕ್ಕಳು ಆರೋಗ್ಯವಂತರೇ. ಬೇಡವೆಂದು ಅಪ್ಪಣೆ ಮಾಡಿದರೆ, ಕಣ್ಣೆದುರು ಆರೋಗ್ಯವಾಗಿ ಬೆಳೆದ ಹತ್ತು ಮಕ್ಕಳನ್ನು ಕಂಡವರು ನಮ್ಮ ಮಾತನ್ನೇ ನಂಬುವುದಿಲ್ಲ. ಜೊತೆಗೆ, ಆಗಲೇ ಮದುವೆಯಾದವರು ನಮ್ಮಿಂದ ಸತ್ಯವನ್ನು ಮುಚ್ಚಿಡುತ್ತಾರೆ. ಬಳಗದಲ್ಲಿ ಕಾಯಿಲೆಯ ಮಗು ಇದ್ದ ಮನೆಯವರು ಮದುವೆಗೆ ಮೊದಲೇ ಕೇಳಲು ಬಂದರೆ, ಆಗ ಅಪಾಯವನ್ನು ಬಿಚ್ಚಿ ಹೇಳಿ, ಪರೀಕ್ಷೆಯ ದಾರಿ ತೋರಿಸೋಣ.

ಇರಾನಿನಲ್ಲಿ ರಕ್ತಸಂಬಂಧದ ಮದುವೆ ನಮ್ಮಲ್ಲಿಗಿಂತ ಕಡಿಮೆಯೇನಲ್ಲ. ಅಲ್ಲಿ 1997ರಿಂದ ಮದುವೆಗೆ ಮೊದಲು ಥಲಸ್ಸೇಮಿಯಾ ತಪಾಸಣೆಯನ್ನು ದೇಶದಾದ್ಯಂತ ನಡೆಸಿದಾಗ, ವಾಹಕ ಜೋಡಿಗಳಿಗೆ ತಿಳಿಹೇಳುವ ಕೆಲಸವನ್ನು ಪ್ರಾಥಮಿಕ ಆರೋಗ್ಯ ವ್ಯವಸ್ಥೆಯೊಳಗೇ ತರಬೇತಿ ಪಡೆದ ತಂಡಗಳು ವಹಿಸಿಕೊಂಡವು. ಕಾಯಿಲೆಯೊಂದಿಗೆ ಹುಟ್ಟುವ ಮಕ್ಕಳ ಸಂಖ್ಯೆ ಅಲ್ಲಿ ಬಹಳವಾಗಿ ಇಳಿಯಿತು. ನಮ್ಮಲ್ಲೂ 2023ರ ಜುಲೈನಲ್ಲಿ ಆರಂಭವಾದ, ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆಯ ನಿರ್ಮೂಲನಾ ಅಭಿಯಾನ ಪರೀಕ್ಷೆಯ ಜೊತೆಗೆ ಸಮಾಲೋಚನೆಯನ್ನೂ ಕೇಳುತ್ತದೆ. ಆ ಸಮಾಲೋಚನೆ ಮಾಡಬೇಕಾದವರು ನೀವೇ ಅಲ್ಲವೇ?

ಪ್ರಶ್ನೆ ಕೇಳಿದವರು: ವೈದ್ಯಾಧಿಕಾರಿ, ಗದಗ ಜಿಲ್ಲೆ

ಎಲ್ಲರಿಗೂ ಹೃದಯಪೂರ್ವಕ ಕೃತಜ್ಞತೆಗಳು. ಹಳೆಯ ಕರಡನ್ನು ಬದಿಗಿಟ್ಟಿದ್ದೇನೆ. ತರಬೇತಿಯನ್ನು ಆರು ವಾರಗಳ ಅಂತರದ ಎರಡು ದಿನಗಳಾಗಿ ಒಡೆಯಲು ಮೇಲಧಿಕಾರಿಗಳು ಒಪ್ಪಿದ್ದಾರೆ. ಮೊದಲ ದಿನ ವಂಶಾವಳಿ ಮತ್ತು ಕೇಳುವ ಕಲೆ, ಮಧ್ಯಾಹ್ನ ಗುಟ್ಟು ಕಾಯುವ ಬಗೆ. ಅದನ್ನು ಶಿಗ್ಗಾವಿಯ ಸಹೋದ್ಯೋಗಿ ಬರೆದಂತೆ ಕಪಾಟು, ಕೀಲಿಯವರೆಗೂ ಕಲಿಸುತ್ತೇವೆ. ಉಪಕೇಂದ್ರದಲ್ಲಿ ಮರೆಯಿಲ್ಲದ ಕಡೆ, ಪ್ರತಿ ತಿಂಗಳ 9ರಂದು ಗರ್ಭಿಣಿಯರ ತಪಾಸಣೆ ನಡೆಯುವ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಒಂದು ಕೋಣೆಯನ್ನು ಇದಕ್ಕೆಂದೇ ಬಿಡಿಸಿಡುತ್ತೇವೆ. ಜೀನ್ ವರದಿಗಳನ್ನು ಓದಿ ಅರ್ಥ ಹೇಳುವುದು ನಮ್ಮ ಕೆಲಸವಲ್ಲ ಎಂಬುದನ್ನು ಮೊದಲ ಪಾಠದಲ್ಲೇ ಹೇಳುತ್ತೇನೆ. ಅಂಥವರನ್ನು ಹುಬ್ಬಳ್ಳಿಗೆ, ಅಲ್ಲಿಂದ ಅಗತ್ಯವಿದ್ದರೆ ಮಣಿಪಾಲ ಅಥವಾ ಬೆಂಗಳೂರಿಗೆ ಕಳುಹಿಸುವ ಶಿಫಾರಸು ಪತ್ರದ ಹಿಂಬದಿಯಲ್ಲೇ ವಂಶಾವಳಿಗೆ ಜಾಗ ಮಾಡಿಸುತ್ತಿದ್ದೇನೆ.

ಧಾರವಾಡದ ತಾಯಿಯವರಲ್ಲಿ ಒಂದು ಕೇಳಿಕೆ. ಮೊದಲ ದಿನ ಒಂದು ಗಂಟೆ ನಮ್ಮ ಸಿಬ್ಬಂದಿಯೊಂದಿಗೆ ಮಾತಾಡಲು ನೀವು ಬರಬಹುದೇ? ಇಷ್ಟವಿಲ್ಲದಿದ್ದರೆ ಸಂಕೋಚವಿಲ್ಲದೆ ತಿಳಿಸಿ.

ಇಬ್ಬರು ಮಕ್ಕಳ ತಾಯಿ, ಧಾರವಾಡ

ಬರುತ್ತೇನೆ ಡಾಕ್ಟರೇ. ದೊಡ್ಡ ಮಗನೂ ಬರುತ್ತೇನೆ ಎನ್ನುತ್ತಿದ್ದಾನೆ, ಅವನಿಗೆ ಈಗ ಹದಿಮೂರು ವರ್ಷ. ನಿಮ್ಮ ಸಭಾಂಗಣಕ್ಕೆ ಗಾಲಿಕುರ್ಚಿ ಹೋಗುತ್ತದೆಯೇ?

ವೈದ್ಯಾಧಿಕಾರಿ, ಗದಗ ಜಿಲ್ಲೆ

ಗೊತ್ತುಮಾಡಿದ್ದ ಸಭಾಂಗಣ ಮೊದಲ ಮಹಡಿಯಲ್ಲಿತ್ತು. ಇವತ್ತೇ ಮಾತಾಡಿ, ಕೆಳಗಿನ ದೊಡ್ಡ ಕೋಣೆಗೆ ಬದಲಾಯಿಸಿದ್ದೇನೆ. ಬಾಗಿಲಲ್ಲಿ ಎರಡು ಮೆಟ್ಟಿಲುಗಳಿವೆ, ಅವಕ್ಕೆ ಇಳಿಜಾರು ಹಾಕಿಸುತ್ತೇನೆ.